ಕಿಷ್ಟಪ್ಪ ಅಂಗಿ ಬಿಚ್ಚಿದ್ದು

ಮಕ್ತಲದ ಚರ್ಚಿನ ಓಣಿಗೆ ಬಂದು ಕಿಷ್ಟಪ್ಪನ ಮನೆ ಯಾವುದೆಂದು ಯಾರನ್ನಾದರೂ ಕೇಳಿ ನೋಡಿ, ಅವರು ಮನೆ ತೋರಿಸುವುದಿಲ್ಲ, ಅಂಗಿ ತೋರಿಸುತ್ತಾರೆ. “ಅಗಾ ಅಲ್ಲಿ, ತಂತಿ ಮ್ಯಾಲ ಬಿಳಿ ಅಂಗಿ ಒಣಗಾಕತ್ತೈತಿ ನೋಡ್ರಿ, ಅದ ಮನಿ.” ಗಂಜಿ ಹಾಕಿ, ನೀಲಿಯಲ್ಲಿ ಅದ್ದಿ, ಇಸ್ತ್ರಿ ಹೊಡೆದ ಆ ಅಂಗಿ ತೊಟ್ಟು ಅವನು ಹೊರಬಿದ್ದನೆಂದರೆ, ಎರಡೆಕರೆ ಹತ್ತಿ ಹೊಲದ ರೈತ ಅಂತ ಯಾರೂ ಅನ್ನುವ ಹಾಗಿಲ್ಲ. ಚರ್ಚಿನ ಹಿರಿಯ ಅನ್ನಬೇಕು. ಚರ್ಚಿನ ಹಿಂದಿನ ಬೇವಿನ ಮರದ ಮರೆಯಲ್ಲಿ ಅವನು ಬೀಡಿ ಸೇದುವುದು ಇಡೀ ಓಣಿಗೆ ಗೊತ್ತು. ಆದರೂ ಅಂಗಿಗೆ ಮರ್ಯಾದೆ ಕೊಟ್ಟು ಎಲ್ಲರೂ ಆ ಕಡೆ ನೋಡುತ್ತಿರಲಿಲ್ಲ.

ಕ್ರಿಸ್ಮಸ್ ದಿನ ಹಿರಿಯರ ಸಂದೇಶ ಕೊಡುವವನು ಅವನೇ. ಸಂದೇಶವೂ ಪ್ರತಿ ವರ್ಷ ಅದೇ. “ದೇವರು ಪ್ರವಾದಿಗಳನ್ನ ಕಳಿಸಿದ, ಜನ ಕೇಳಲಿಲ್ಲ. ದೂತರನ್ನ ಕಳಿಸಿದ, ಜನ ಅಂಜಿದರು. ಕಡೀಕ ತಾನ ಬಂದ!” ಅಂತ ಅವನು ಮೇಜಿನ ಮೇಲೆ ಗುದ್ದುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ತುಟಿಯಲ್ಲೇ ಅವನಿಗಿಂತ ಮೊದಲು ಹೇಳಿ ಮುಗಿಸಿರುತ್ತಿದ್ದವು.

ಅವನಿಗೆ ಇನ್ನೊಂದು ಹೆಸರಾಂತ ಅಭ್ಯಾಸವಿತ್ತು, ಎದ್ದು ಹೋಗುವುದು. ಪಂಚಾಯಿತಿಯಲ್ಲಿ ಮಾತು ಹತ್ತಿದರೆ ಎದ್ದು ಹೋಗುವನು. ಊಟದಲ್ಲಿ ಉಪ್ಪು ಹೆಚ್ಚಾದರೆ ಎದ್ದು ಹೋಗುವನು. ಮಗ ಮಹೇಂದರನ ಮದುವೆಯಲ್ಲೂ ಹಾಗೇ ಆಯಿತು. ಧರೂರಿನಲ್ಲಿ ಬೀಗರ ಮನೆ ಮುಂದೆ ಚಪ್ಪರ ಹಾಕಿದ್ದರು. ಮೊದಲ ಪಂಕ್ತಿಯಲ್ಲಿ ತಮ್ಮ ಕಡೆಯವರನ್ನು ಕೂರಿಸಿ, ಬೀಗ ಮೊಗುಲಪ್ಪ ಇವನ ಕೈ ಹಿಡಿದು, “ಹಿರಿಯರು ಮುಂದಿನ ಪಂಕ್ತಿಗಿ ಕುಂದರ್ರಿ” ಅಂದುಬಿಟ್ಟ. ಹುಡುಗನ ಅಪ್ಪನನ್ನು, ಅದೂ ಚರ್ಚಿನ ಹಿರಿಯನನ್ನು, ಎರಡನೆಯ ಪಂಕ್ತಿಗೆ! ಕಿಷ್ಟಪ್ಪ ಹೆಗಲ ಮೇಲಿನ ಟವೆಲ್ ಝಾಡಿಸಿ ನೆಟ್ಟಗೆ ಬಸ್ಸು ಹತ್ತಿದ. “ಆ ಮನಿ ಒಂದು ತೊಟ್ಟು ನೀರು ಸೈತ ನನ್ನ ಗಂಟಲಿನ್ಯಾಗ ಇಳಿಯಂಗಿಲ್ಲ” ಅಂದವನು ಅದನ್ನು ಪಾಲಿಸಿಕೊಂಡೇ ಬಂದ.

ಸೊಸೆ ಝಾನ್ಸಿ ಮನೆಗೆ ಬಂದು ವರ್ಷದ ಮೇಲಾಗಿತ್ತು. ಮಾವ ಸೊಸೆಯ ಮುಂದೆ ಕೆಮ್ಮಿ ಒಳಗೆ ಬರುವುದು, ಸೊಸೆ ಸೆರಗು ಎಳೆದುಕೊಂಡು ಗೋಡೆಗೆ ಸರಿಯುವುದು ಎಲ್ಲಾ ಮನೆಗಳಲ್ಲೂ ಇದ್ದದ್ದೇ. ಆದರೆ ಇಲ್ಲಿ ಮಾತು ಸಹ ಸುತ್ತು ಹಾಕಿ ಬರಬೇಕಿತ್ತು. ಝಾನ್ಸಿ ಎದುರಿಗೇ ರೊಟ್ಟಿ ಬಡಿಯುತ್ತಿದ್ದರೂ ಕಿಷ್ಟಪ್ಪ ಹೆಂಡತಿಗೆ, “ಸತ್ಯಾ, ಆಕಿಗಿ ಹೇಳು, ಇನ್ನೊಂದು ರೊಟ್ಟಿ ಹಾಕಂತ” ಅನ್ನುವನು.

ಸತ್ಯಮ್ಮ ಒಂದಿನ, “ಆಕಿ ಕಿವಿ ನನ್ನ ಕಿವಿಗಿಂತ ಛಲೋ ಅದಾವ್ರಿ, ನೀವ ಹೇಳ್ರಿ” ಅಂದಳು.

ಕಿಷ್ಟಪ್ಪ ಎದ್ದು ಹೋದ.

ಅದು ತೆಲಂಗಾಣವೆಂಬ ಹೊಸ ರಾಜ್ಯ ಬಂದ ವರ್ಷ. ಜೂನಿನಲ್ಲಿ ಬಜಾರಿನ ತುಂಬ ಪಟಾಕಿ ಹಾರಿದವು. ನವೆಂಬರಿನಲ್ಲಿ, ಸೀಮಂತದ ಕುಬಸಕ್ಕೆಂದು ತವರಿಗೆ ಹೋದ ಝಾನ್ಸಿಗೆ ಅಲ್ಲೇ ದಿನ ತುಂಬುವ ಮೊದಲೇ ನೋವು ಬಂದು, ಗದ್ವಾಲದ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಹೆಣ್ಣು ಕೂಸು ತೆಗೆದರು. ಕೂಸು ಎಷ್ಟು ಸಣ್ಣದೆಂದರೆ, ನೋಡಿಬಂದ ಸತ್ಯಮ್ಮ ಅಂಗೈ ಚಾಚಿ, “ಇಷ್ಟೈತಿ. ಮೊಲದ ಮರಿ ಇದಕಿಂತ ದಪ್ಪ ಇರತೈತಿ” ಅಂದು ಅತ್ತಳು.

ಕಿಷ್ಟಪ್ಪ ಗದ್ವಾಲಕ್ಕೆ ಹೋಗಲಿಲ್ಲ. ಅಲ್ಲಿ ದವಾಖಾನೆಯ ಬಾಗಿಲಲ್ಲಿ ಬೀಗ ಮೊಗುಲಪ್ಪ ಕೂತಿದ್ದನಲ್ಲ. ಹೋಗದಿದ್ದರೇನು, ಕಳಿಸಿದ. ಬಜಾರಿನಲ್ಲಿ ವೀರಯ್ಯನ ಅಂಗಡಿಗೆ ಹೋಗಿ ಮರಿಯುಣ್ಣೆಯ ಕಂಬಳಿ ಆರಿಸಿ ಕಳಿಸಿದ. ದಾಳಿಂಬೆ ಕಳಿಸಿದ. ತುಪ್ಪ ಕಳಿಸಿದ. ಬಾಣಂತಿಗೆ ಬೆಳ್ಳುಳ್ಳಿ, ಕೂಸಿಗೆ ಟೋಪಿ.

ವೀರಯ್ಯ ವಿಭೂತಿ ಹಣೆಯ ವ್ಯಾಪಾರಿ, ಶಾಲೆಯ ದಿನದಿಂದ ಗೆಳೆಯ. ಕಂಬಳಿ ಕಟ್ಟಿಕೊಡುತ್ತಾ ಅವನು, “ಎಲ್ಲಾ ಕಳಸೀದಿ ಕಿಷ್ಟಪ್ಪ. ನೀ ಯಾವಾಗ ಹೋಗಾಂವ?” ಅಂದ.

“ನಾ ಯಾಕ ಹೋಗಲಿ? ನಾ ಹೋದ್ರ ಕೂಸು ದಪ್ಪ ಆಗತೈತೇನು?”

“ಅದೂ ಖರೇನ ಬಿಡು” ಅಂತ ವೀರಯ್ಯ ನಕ್ಕ. “ಹೊಸ ರಾಜ್ಯದಾಗ ಹುಟ್ಟೇತಿ, ತೆಲಂಗಾಣಮ್ಮ ಅಂತ ಹೆಸರಿಡು.”

ಝಾನ್ಸಿಗೆ ತಾಯಿ ಇರಲಿಲ್ಲ. ಹಾಗಾಗಿ ದವಾಖಾನೆಯಿಂದ ಬಿಟ್ಟ ಮೇಲೆ ಬಾಣಂತನಕ್ಕೆ ಗಂಡನ ಮನೆಗೇ ಬಂದಳು. ಮಹೇಂದರ್ ಅವಳನ್ನು ಆಟೋದಿಂದ ಮೆಲ್ಲಗೆ ಇಳಿಸಿದ. ಕೂಸು ಎಲ್ಲೂ ಕಾಣಲಿಲ್ಲ.

“ಎಲ್ಲಿ ಅದಾಳ?” ಅಂತ ಸತ್ಯಮ್ಮ ಗಾಬರಿಯಾದಳು.

ಮಹೇಂದರ್ ತನ್ನ ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಎದೆಗೆ ಒಂದು ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡಿದ್ದ. ಟೋಪಿಯೊಳಗೆ ನಿಂಬೆಹಣ್ಣಿನಂಥ ಮುಖ ಒಂದು ಪಕ್ಕಕ್ಕೆ ತಿರುಗಿತ್ತು.

“ಡಾಕ್ಟರು ಹಿಂಗ ಇಡಾಕ ಹೇಳ್ಯಾರವ್ವಾ. ಈಕಿ ಮೈಯಾಗ ತನ್ನದಂತ ಬಿಸಿ ಇಲ್ಲ. ನಮ್ಮ ಮೈ ಬಿಸಿ ತಗೊಂಡ ಬೆಳೀಬೇಕು. ಚರ್ಮಕ್ಕ ಚರ್ಮ ಹತ್ತಿರಬೇಕು, ನಡುವ ಅಂಗಿ ಇರಬಾರದು. ಎರಡು ಕಿಲೋ ಆಗೂತನಕ ಹಗಲೂ ರಾತ್ರಿ ಯಾರರ ಒಬ್ಬರು ಹೊತ್ಕೊಂಡ ಇರಬೇಕು.”

“ಕಂಬಳಿ ಕಳಿಸಿದ್ನಲ್ಲಾ?” ಅಂದ ಕಿಷ್ಟಪ್ಪ ಹೊಸ್ತಿಲ ಆಚೆಯಿಂದ.

“ಕಂಬಳಿ ಇದ್ದ ಬಿಸಿ ಕಾಯತೈತಿ ಅಪ್ಪಾ, ಇಲ್ಲದ್ದು ಕೊಡಂಗಿಲ್ಲ.”

ಸರದಿ ಗೊತ್ತು ಮಾಡಿಕೊಂಡರು. ಮಹೇಂದರ್ ಭತ್ತ ಕೊಯ್ಯುವ ಮಷೀನಿನ ಡ್ರೈವರ್, ಸುಗ್ಗಿ ಬಿಡುವ ಹಾಗಿಲ್ಲ. ಬೆಳಗಾಗುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುವವನು, ರಾತ್ರಿ ಅವನದು. ಹಗಲು ಝಾನ್ಸಿ ಮತ್ತು ಸತ್ಯಮ್ಮ. ನಾರಾಯಣಪೇಟೆಯ ಹಳೇ ನೂಲಿನ ಸೀರೆಯೊಂದನ್ನು ಸತ್ಯಮ್ಮ ಉದ್ದಕ್ಕೆ ಹರಿದು ಕಟ್ಟು ಮಾಡಿದಳು. ತೊಳೆದೂ ತೊಳೆದೂ ಅದು ಬೆಣ್ಣೆಯಂತಾಗಿತ್ತು. ಕಿಷ್ಟಪ್ಪನ ಪಾಲಿಗೆ ನೀರು ಸೇದುವುದು, ಕಟ್ಟಿಗೆ ಒಡೆಯುವುದು, ಅಂಗಡಿಗೆ ಹೋಗುವುದು ಬಂತು. ಅವನು ಬಾಣಂತಿಯ ಕೋಣೆಯತ್ತ ಸುಳಿಯಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಹೆಸರಿನ ಮಾತು ಬಂತು. ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ. ಮಹೇಂದರ್ ಮೆಲ್ಲಗೆ ಶುರು ಮಾಡಿದ.

“ಅಪ್ಪಾ, ಕೂಸಿಗಿ ಝಾನ್ಸಿ ಅವರವ್ವನ ಹೆಸರಿಡೂನು ಅಂತಾಳ.”

“ಏನಾಕಿ ಹೆಸರು?”

“ಜಮ್ಮುಲಮ್ಮ.”

ಕಿಷ್ಟಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ಗದ್ವಾಲದ ಗುಡಿ ದೇವತಿ ಹೆಸರು! ಚರ್ಚಿನ ಹಿರಿಯನ ಮೊಮ್ಮಗಳಿಗಿ? ನಾಳೆ ಪಾಸ್ಟರು ಎಲ್ಲರ ಮುಂದ ಈ ಹೆಸರು ಕೂಗಿದ್ರ ನಾ ಮುಖ ಎಲ್ಲಿ ಇಟ್ಕೊಳ್ಳಲಿ? ಸತ್ಯಾ, ಆಕಿಗಿ ಹೇಳು, ಬೈಬಲಿನ್ಯಾಗ ಬೇಕಾದಷ್ಟು ಹೆಸರು ಅದಾವ.”

ಕೋಣೆಯ ಬಾಗಿಲ ಮರೆಯಿಂದ ಝಾನ್ಸಿಯ ದನಿ ಬಂತು. “ಅತ್ತೀ, ಮಾವಗ ಹೇಳ್ರಿ, ಕಿಷ್ಟಪ್ಪ ಅನ್ನೂದು ಬೈಬಲಿನ ಯಾವ ಪುಟದಾಗ ಐತಿ ಅಂತ.”

ಮಹೇಂದರನಿಗೆ ನೆತ್ತಿಗೆ ಹತ್ತಿತು. ಸತ್ಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಕೃಷ್ಣನ ಹೆಸರು ಹೊತ್ತು ಇಷ್ಟು ಕಾಲ ಕ್ರಿಸ್ತನ ಸಂದೇಶ ಹೇಳಿದ ಕಿಷ್ಟಪ್ಪ ತಾಟಿನಲ್ಲಿ ಕೈ ತೊಳೆದು ಎದ್ದು ಹೋದ. ಬೇವಿನ ಮರದ ಕೆಳಗೆ ಎರಡು ಬೀಡಿ ಸುಟ್ಟುಹೋದವು.

ಡಿಸೆಂಬರಿನ ಚಳಿ ಬಿತ್ತು. ಸತ್ಯಮ್ಮನಿಗೆ ಮೊದಲು ನೆಗಡಿ, ಆಮೇಲೆ ಕೆಮ್ಮು, ಆಮೇಲೆ ಜ್ವರ. ಅದೇ ಹೊತ್ತಿಗೆ ಝಾನ್ಸಿಯ ಹೊಲಿಗೆ ಕೀವು ತುಂಬಿ, ಎದ್ದು ಕೂರುವುದೇ ಕಷ್ಟವಾಯಿತು. ಕೂಸಿನ ಭಾರ ಹೊಟ್ಟೆಯ ಮೇಲೆ ಬಿದ್ದರೆ ಹಲ್ಲು ಕಚ್ಚಿ ಕಣ್ಣೀರು ಸುರಿಸುವಳು. ಮಹೇಂದರ್ ಬರುವ ತನಕ ಹಗಲು ದೊಡ್ಡ ಗುಡ್ಡವಾಯಿತು.

ಕಿಷ್ಟಪ್ಪ ಕೈಕಟ್ಟಿ ಕೂತವನಲ್ಲ. ಪಕ್ಕದ ಮನೆಯ ಬುಗ್ಗಮ್ಮನಿಗೆ ಕೂಲಿ ಕೊಟ್ಟು ಕೂಸು ಹೊರಲು ಕರೆತಂದ. ಅವಳು ಒಂದು ಹಗಲು ಹೊತ್ತಳು, ಮರುದಿನ ಹತ್ತಿ ಬಿಡಿಸಲು ಹೋದಳು. “ಹತ್ತಿ ಕಾಯಂಗಿಲ್ರೀ ಹಿರಿಯರೇ. ನಿಮ್ಮ ಹೊಲದಾಗಿಂದೂ ಒಡದು ನಿಂತೈತಿ, ನೋಡ್ರಿ ಮೊದಲ” ಅಂತ ಬುದ್ಧಿ ಬೇರೆ ಹೇಳಿ ಹೋದಳು. ಕಿಷ್ಟಪ್ಪ ಬಿಸಿನೀರಿನ ರಬ್ಬರ್ ಚೀಲ ತಂದ, ಅದು ಬೇಗ ಆರಿತು. ಆಗ ಅವನಿಗೆ ಕೊತ್ತಪಲ್ಲಿಯ ದಾರಿಯಲ್ಲಿ ಕಂಡ ಕೋಳಿ ಫಾರಂ ನೆನಪಾಯಿತು. ಒಂದೇ ದೊಡ್ಡ ಬಲ್ಬಿನ ಕೆಳಗೆ ಸಾವಿರ ಮರಿ ಬೆಚ್ಚಗೆ ಬೆಳೆಯುತ್ತವೆ. ಒಂದು ಕೂಸು ಬೆಳೆಯದೇನು?

ವೀರಯ್ಯನ ಅಂಗಡಿಯಿಂದ ರಟ್ಟಿನ ದೊಡ್ಡ ಡಬ್ಬಿ ತಂದ. ಒಳಗೆ ಮರಿಯುಣ್ಣೆಯ ಕಂಬಳಿ ಹಾಸಿದ. ಮೇಲೆ ತೂತು ಕೊರೆದು ದೊಡ್ಡ ಬಲ್ಬು ಇಳಿಬಿಟ್ಟ. ಜ್ವರದ ಸತ್ಯಮ್ಮನೂ ನಿದ್ದೆಗೆಟ್ಟ ಝಾನ್ಸಿಯೂ ಬೇಡ ಅನ್ನುವ ತ್ರಾಣವಿಲ್ಲದೆ ಒಪ್ಪಿದರು. ಕೂಸನ್ನು ಡಬ್ಬಿಯಲ್ಲಿ ಮಲಗಿಸಿದಾಗ ಅದು ಕಣ್ಣು ಮುಚ್ಚಿ ತೆಪ್ಪಗಾಯಿತು. ಕಿಷ್ಟಪ್ಪ ಅಂಗಿ ತೊಟ್ಟು ಅಂಗಳದಲ್ಲಿ ಖುರ್ಚಿ ಹಾಕಿಕೊಂಡು ಕೂತ. ಹೋಗಿ ಬರುವವರಿಗೆಲ್ಲಾ, “ತಲಿ ಇದ್ರ ಎಲ್ಲಾ ಆಗತೈತಿ” ಅಂದ.

ಮಧ್ಯಾಹ್ನ ನರ್ಸಮ್ಮ ಬಂದಳು. ಭುವನೇಶ್ವರಿ ಅಂತ, ನಾರಾಯಣಪೇಟೆ ಕಡೆಯವಳು, ವಾರಕ್ಕೊಮ್ಮೆ ಬಂದು ಕೂಸನ್ನು ತೂಗುವವಳು. ಡಬ್ಬಿಯೊಳಗೆ ಇಣುಕಿದವಳೇ ಚೀರಿದಳು. ಕೂಸು ಕೆಂಪು ಮೆಣಸಿನಕಾಯಿಯಾಗಿತ್ತು. ತುಟಿ ಒಣಗಿತ್ತು. ಎಬ್ಬಿಸಿದರೆ ಏಳಲಿಲ್ಲ.

“ಯಾರ್ರೀ ಇದು ಮಾಡಿದ್ದು? ಕೂಸನ್ನ ಸುಡಾಕತ್ತೀರೇನು?”

ಬಲ್ಬು ಆರಿಸಿ, ಬಟ್ಟೆ ಸಡಿಲಿಸಿ, ಝಾನ್ಸಿಯ ಹಾಲು ಹಿಂಡಿಸಿ ಚಮಚದಲ್ಲಿ ಹನಿ ಹನಿಯಾಗಿ ತುಟಿಗಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಕೂಸು ನಾಲಿಗೆ ಹೊರಳಿಸಿತು. ಆಮೇಲೆ ಬೆಕ್ಕಿನ ಮರಿಯಂತೆ ಒಂದು ಸಣ್ಣ ಅಳು ಬಂತು. ಆ ಅಳು ಕೇಳಿದ ಮೇಲೇ ಕಿಷ್ಟಪ್ಪ ಉಸಿರು ಬಿಟ್ಟದ್ದು. ತಕ್ಕಡಿಗೆ ಹಾಕಿದರೆ ಹೋದ ವಾರಕ್ಕಿಂತ ಕಮ್ಮಿ ತೂಗಿತು.

“ಇನ್ನೊಂದು ವಾರ ಹಿಂಗ ಇಳದ್ರ ಕೂಸು ಉಳಿಯಂಗಿಲ್ಲ” ಅಂದಳು ಭುವನೇಶ್ವರಿ, ದನಿ ಏರಿಸದೆ. “ಅಮ್ಮಾ, ಕೆಮ್ಮು ಇದ್ದೋರು ನೀವು ಹತ್ತಿರ ಬರಬ್ಯಾಡ್ರಿ. ಝಾನ್ಸೀ, ನೀನು ಹಾಲು ಕೊಡು ಸಾಕು, ಹೊಲಿಗಿ ಮಾಯಲಿ. ಈ ಮನಿಯಾಗ ಹಗಲ ಹೊತ್ತು ಗಟ್ಟಿ ಇದ್ದ ಮೈ ಯಾರದೈತಿ?”

ಮೂವರೂ ಹೊಸ್ತಿಲ ಕಡೆ ನೋಡಿದರು.

“ನಾನಾ?” ಅಂದ ಕಿಷ್ಟಪ್ಪ. “ನಾ ಗಂಡಸು.”

“ಕೂಸಿಗಿ ಗಂಡಸು ಹೆಂಗಸು ಗೊತ್ತಿಲ್ರೀ ಹಿರಿಯರೇ. ಬಿಸಿ ಅಷ್ಟ ಗೊತ್ತು.”

“ಸೊಸಿ ಬಾಣಂತಿ ಕೋಣಿ ಅದು. ಮಾವ ಆದಾಂವ ಅಂಗಿ ಬಿಚ್ಚಿ ಅಲ್ಲಿ ಕುಂದರೂದು ಅಂದ್ರ... ಓಣಿ ಏನಂತದ? ನಾ ಇನ್ನೊಬ್ಬ ಹೆಣ್ಮಗಳನ್ನ ನೋಡತೀನಿ. ದಾಮರಗಿದ್ದ ಊರಿಂದ ಕರಿಸತೀನಿ, ಎಷ್ಟ ಕೇಳಿದ್ರೂ ಕೊಡತೀನಿ.”

ಜ್ವರದಲ್ಲಿ ಮುದುಡಿ ಮಲಗಿದ್ದ ಸತ್ಯಮ್ಮ ಎದ್ದು ಕೂತಳು.

“ಕಳಸ್ರಿ! ಇನ್ನೂ ಯಾರನ್ನ ಕಳಸತೀರಿ ಕಳಸ್ರಿ! ಕಂಬಳಿ ಕಳಸಿದ್ರಿ, ತುಪ್ಪ ಕಳಸಿದ್ರಿ, ಬುಗ್ಗಮ್ಮನ್ನ ಕಳಸಿದ್ರಿ, ಕಡೀಕ ಕೋಳಿ ಬಲ್ಬೂ ಹಚ್ಚಿದ್ರಿ. ವರ್ಸಾ ಮೈಕಿನ ಮುಂದ ನಿಂತು ಏನ್ ಹೇಳತೀರಿ? ಪ್ರವಾದಿನ್ನ ಕಳಿಸಿದ, ದೂತರನ್ನ ಕಳಿಸಿದ, ಕಡೀಕ ತಾನ ಬಂದ! ಇಷ್ಟ ವರ್ಸ ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ. ನಿಮಗ ಯಾವಾಗ ಆಗತೈತಿ?”

“ಅದು ದೇವರ ಮಾತು.”

“ದೇವರಿಗಿ ಮರ್ಯಾದಿ ಇದ್ದಿದ್ದಿಲ್ಲೇನ್ರಿ? ದನದ ಕೊಟ್ಟಿಗ್ಯಾಗ ಬಂದು ಬಿದ್ದನಲ್ಲ! ಓಣಿ ಏನಂತದ ಅಂತ ಕೇಳಿದ್ನೇನು?”

ಕಿಷ್ಟಪ್ಪ ಟವೆಲ್ ಹೆಗಲಿಗೆ ಹಾಕಿದ. ಎದ್ದು ಹೋಗುವ ಲಕ್ಷಣವೇ ಅದು. ಆಗ ಝಾನ್ಸಿ ಸೆರಗಿನ ಗೊಡವೆ ಬಿಟ್ಟು, ಗೋಡೆ ಹಿಡಿದು ಎದ್ದು ಬಂದು, ಅತ್ತೆಯ ಮೂಲಕ ಹಾದು ಬರದ ಮೊದಲ ಮಾತು ಆಡಿದಳು.

“ಮಾವಾ, ನಿಮ್ಮ ತುಪ್ಪ ಉಂಡೀನಿ, ನಿಮ್ಮ ಕಂಬಳಿ ಹೊದ್ದೀನಿ. ಇನ್ನ ಏನೂ ತರಬ್ಯಾಡ್ರಿ. ನೀವ ಬರ್ರಿ.”

ಕಿಷ್ಟಪ್ಪ ಹೊರಗೆ ಹೋದ. ಸತ್ಯಮ್ಮ ಹಣೆ ಚಚ್ಚಿಕೊಂಡಳು. “ಹೋದ್ರು ನೋಡು. ಬೇವಿನ ಗಿಡಕ್ಕ ಹೋದ್ರು.”

ಆದರೆ ಹಿತ್ತಲಿನಿಂದ ನೀರು ಸುರಿದುಕೊಳ್ಳುವ ಸದ್ದು ಬಂತು. ಆಮೇಲೆ ಸಾಬೂನಿನ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಕಿಷ್ಟಪ್ಪ ಬಾಗಿಲಲ್ಲಿ ನಿಂತ, ಕೆಮ್ಮದೆ. ಸೊಂಟದಲ್ಲಿ ಒಣಗಿದ ಧೋತರ, ಮೇಲೆ ಏನೂ ಇಲ್ಲ. ಬಿಸಿಲು ಕಾಣದ ಎದೆ ಅಂಗಿಯಷ್ಟೇ ಬೆಳ್ಳಗಿತ್ತು. ಕತ್ತಿನಿಂದ ಮೇಲೆ ಮಾತ್ರ ರೈತ. ಬೀಡಿ ಕಟ್ಟನ್ನು ಭುವನೇಶ್ವರಿಯ ಮುಂದೆ ಇಟ್ಟು, “ಇದನ್ನ ಒಲಿಗಿ ಹಾಕ್ರಿ” ಅಂದ. ಎಲ್ಲರಿಗೂ ಗೊತ್ತಿದ್ದ ಗುಟ್ಟು ಎಲ್ಲರ ಎದುರೇ ಉರಿದುಹೋಯಿತು.

ನರ್ಸಮ್ಮ ಅವನನ್ನು ಗೋಡೆಗೆ ದಿಂಬು ಕೊಟ್ಟು ಓರೆಯಾಗಿ ಕೂರಿಸಿದಳು. ಕೂಸನ್ನು ಕಪ್ಪೆಯಂತೆ ಕಾಲು ಅಗಲಿಸಿ ಎದೆಯ ನಡುವೆ ಇಟ್ಟು, ನಾರಾಯಣಪೇಟೆ ಸೀರೆಯ ಕಟ್ಟು ಬಿಗಿದಳು.

“ತಣ್ಣಗೈತಿ” ಅಂದ ಕಿಷ್ಟಪ್ಪ. “ಪಾದ ಭಾಳ ತಣ್ಣಗದಾವ.”

“ಸುಮ್ಮನ ಕುಂದರ್ರಿ. ಬಿಸಿ ಆಗತಾವ.”

“ಎದಿ ಬಡಿಯಾಕತ್ತೈತಿ. ಇದರದಾ ನಂದಾ?”

“ಯಾರದರ ಆಗಲಿ, ಬಡಿಯಾಕತ್ತೈತಲ್ಲ” ಅಂದಳು ಭುವನೇಶ್ವರಿ.

ಅಂದಿನಿಂದ ಹಗಲು ಕಿಷ್ಟಪ್ಪನದಾಯಿತು. ಬೆಳಿಗ್ಗೆ ಮಹೇಂದರನ ಎದೆಯಿಂದ ಅಪ್ಪನ ಎದೆಗೆ ಕೂಸು ದಾಟುವುದು. ಅವನು ಎದ್ದು ಓಡಾಡುವಂತಿಲ್ಲ, ಬಾಗುವಂತಿಲ್ಲ. ಹತ್ತಿ ಬಿಡಿಸಲು ಬುಗ್ಗಮ್ಮನಿಗೇ ಹೊಲ ಒಪ್ಪಿಸಿದ. ಊಟ ಬಂದರೆ ಕೈಯೊಂದೇ ಆಡಬೇಕು. ಸಾರು ಚೆಲ್ಲುತ್ತಿತ್ತು, ಉಪ್ಪು ಹೆಚ್ಚಾದರೂ ಎದ್ದು ಹೋಗುವಂತಿರಲಿಲ್ಲ. ಕೂಸು ಉಸಿರು ಮರೆತಂತೆ ಒಂದು ಗಳಿಗೆ ಸುಮ್ಮನಾದರೆ, ಅವನೂ ಉಸಿರು ಹಿಡಿದು ಬೆರಳಿನಿಂದ ಬೆನ್ನು ತೀಡುವನು. ಅದು ಮತ್ತೆ ಉಸಿರೆಳೆದರೆ, “ಹಾಂ, ಹಂಗ” ಅನ್ನುವನು. ಝಾನ್ಸಿ ಹಾಲುಣಿಸುವ ಹೊತ್ತಿಗೆ ಕಟ್ಟು ಬಿಚ್ಚಿ ಕೊಟ್ಟು, ಗೋಡೆಯತ್ತ ಮುಖ ಮಾಡಿ ಕೂರುವನು. ಮುಖ ಗೋಡೆಗಿಟ್ಟುಕೊಂಡೇ, “ಸತ್ಯಾ, ಆಕಿಗಿ ಹೇಳು, ತಾನೂ ಒಂದೀಟು ಉಣ್ಣಲಿ ಅಂತ” ಅನ್ನುವನು. ಸತ್ಯಮ್ಮ ಪಡಸಾಲೆಯ ಮೂಲೆಯಿಂದ ಕೆಮ್ಮುತ್ತಲೇ, “ಕೇಳಿದಿ ಏನವ್ವಾ?” ಅನ್ನುವಳು. “ಕೇಳೀನಿ ಅತ್ತೀ” ಅನ್ನುವಳು ಝಾನ್ಸಿ.

ಒಂದಿನ ವೀರಯ್ಯ ಕಿಟಕಿಯಲ್ಲಿ ಇಣುಕಿ ಬಿದ್ದು ಬಿದ್ದು ನಕ್ಕ. “ಏನಪ್ಪಾ ಹಿರಿಯ, ಬಾಣಂತಿ ಆದಿ?”

“ಆದೆ. ನೀ ಅಲ್ಲಿ ನಿಂತು ಒಳಗ ಥಂಡಿ ಗಾಳಿ ಬಿಡಬ್ಯಾಡ. ಹಾಕು ಕಿಟಕಿ.”

ಮಾರನೆಯ ವಾರ ತಕ್ಕಡಿಯ ಮುಳ್ಳು ಸ್ವಲ್ಪ ಮೇಲೆ ಹೋಯಿತು. ಭುವನೇಶ್ವರಿ ಹೆಬ್ಬೆರಳೆತ್ತಿ ತೋರಿಸಿದಳು.

ಕ್ರಿಸ್ಮಸ್ಸಿಗೆ ಕೆಲವೇ ದಿನ ಇದ್ದಾಗ ಧರೂರಿನಿಂದ ಮೊಗುಲಪ್ಪ ಬಂದ. ಜೂರಾಲ ಅಣೆಕಟ್ಟೆ ದಾಟಿ, ತಲೆಯ ಮೇಲೆ ಹೊಸ ಅಕ್ಕಿಯ ಚೀಲ, ಕೈಯಲ್ಲಿ ಬಾಟಲಿ. ಸತ್ಯಮ್ಮ ಔಷಧಿಗೆಂದು ಹೊರಗೆ ಹೋಗಿದ್ದಳು. ಝಾನ್ಸಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಕೋಣೆಯಲ್ಲಿ ಕೂಸು ಕಟ್ಟಿಕೊಂಡು ಅರೆಬೆತ್ತಲೆ ಕೂತ ಬೀಗನನ್ನು ಕಂಡು ಮೊಗುಲಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ.

ಕಿಷ್ಟಪ್ಪನ ಕೈ ತಾನಾಗಿ ಟವೆಲಿಗೆ ಹೋಯಿತು. ಏಳಲು ನೋಡಿದ. ಕೂಸು ಕುಸುಕುಸು ಅಂದಿತು. ಮತ್ತೆ ಕೂತ.

“ಏಳಬ್ಯಾಡ್ರೀ ಬೀಗರೇ” ಅಂದ ಮೊಗುಲಪ್ಪ ಪಿಸುದನಿಯಲ್ಲಿ.

“ಏಳಾಕ ಎಲ್ಲಿ ಬರತೈತಿ” ಅಂದ ಕಿಷ್ಟಪ್ಪನೂ ಪಿಸುದನಿಯಲ್ಲಿ, ಸಿಟ್ಟಿನಿಂದ. ಪಿಸುದನಿಯಲ್ಲಿ ಸಿಟ್ಟು ಮಾಡುವುದು ಸುಲಭವಲ್ಲ.

ಮೊಗುಲಪ್ಪ ನೆಲಕ್ಕೆ ಕೂತ. ಇಬ್ಬರೂ ಕೂಸನ್ನೇ ನೋಡಿದರು.

“ಒಂದು ಮಾತು ಇತ್ರಿ. ಮದುವಿ ದಿನದಿಂದ ಇಟ್ಕೊಂಡೀನಿ. ಹೇಳಾಕ ಬಂದ್ರ ನೀವು ಬಸ್ಸಿನ್ಯಾಗ ಇದ್ರಿ.”

“ಹೇಳ್ರಿ. ಈಗ ಬಸ್ಸಿಲ್ಲ.”

“ಆವತ್ತು ಮೊದಲನೇ ಹಂಡೆ ಅನ್ನ ತಳಾ ಹತ್ತಿ ಸೀದಿತ್ರಿ. ಊರಿನೋರು ನಮ್ಮೋರು, ಹಂಗ ಉಂಡ್ರು. ನಿಮಗ ಸೀದ ಅನ್ನ ಹೆಂಗ ಬಡಸಲಿ? ಎರಡನೇ ಹಂಡೆ ಇನ್ನೂ ಕುದಿಯಾಕತ್ತಿತ್ತು. ಅದಕ ಮುಂದಿನ ಪಂಕ್ತಿಗಿ ಕುಂದರ್ರಿ ಅಂದೆ. ಎಲ್ಲರ ಮುಂದ ಅನ್ನ ಸೀದೈತಿ ಅಂತ ಹೇಳಾಕ ನಾಚಿಕಿ ಬಂತು.”

ಉತ್ತರ ಕೊಡಹೋದ ಕಿಷ್ಟಪ್ಪನಿಗೆ ಗಂಟಲು ಒಣಗಿ ಕೆಮ್ಮು ಬಂತು. ಕೆಮ್ಮಿದರೆ ಕೂಸು ಏಳುತ್ತದೆ. ಎರಡೂ ಕೈ ಕೂಸಿನ ಬೆನ್ನ ಮೇಲಿದ್ದವು, ಕಣ್ಣಲ್ಲಿ ನೀರು ತುಂಬಿ ಮುಖ ಕೆಂಪಾಯಿತು. ಮೊಗುಲಪ್ಪ ಥಟ್ಟನೆ ಬಾಟಲಿಯ ಮುಚ್ಚಳ ತೆಗೆದು, ಅವನ ಗದ್ದ ಹಿಡಿದು, ಕೂಸಿಗೆ ಕುಡಿಸಿದಂತೆ ಮೆಲ್ಲಗೆ ಬಾಯಿಗೆ ಹನಿಸಿದ. ಕಿಷ್ಟಪ್ಪ ನುಂಗಿದ. ಇನ್ನೊಂದು ಗುಟುಕು ನುಂಗಿದ.

“ಭಾಳ ಸಿಹಿ ಐತಿ. ಎಲ್ಲಿ ನೀರು ಇದು?”

ಮೊಗುಲಪ್ಪ ತಲೆ ತಗ್ಗಿಸಿದ. “ಧರೂರದ್ರಿ. ನಮ್ಮನಿ ಬಾವೀದು.”

ಕೂಸು ಒಮ್ಮೆ ಆಕಳಿಸಿತು.

“ಇನ್ನ ಸ್ವಲ್ಪ ಹಾಕ್ರಿ” ಅಂದ ಕಿಷ್ಟಪ್ಪ.

ಆ ರಾತ್ರಿ ಹೊಸ ಅಕ್ಕಿಯ ಅನ್ನವಾಯಿತು. ಎರಡು ತಾಟು ಒಟ್ಟಿಗೇ ಬಂದವು. ಬಡಿಸುತ್ತಿದ್ದ ಮಹೇಂದರ್ ಮೊದಲು ಯಾರಿಗೆ ಅಂತ ತಿಳಿಯದೆ ಸೌಟು ಹಿಡಿದು ನಿಂತ. “ಅವರಿಗಿ ಹಾಕೋ” ಅಂದ ಕಿಷ್ಟಪ್ಪ. “ನಾ ಎರಡನೇ ಪಂಕ್ತಿ.” ಮೊಗುಲಪ್ಪ ನಕ್ಕ ನಗುವಿಗೆ ಕೂಸು ಎದ್ದೇಬಿಟ್ಟಿತು, ಸತ್ಯಮ್ಮ ಇಬ್ಬರಿಗೂ ಬೈದಳು.

ಕ್ರಿಸ್ಮಸ್ ಬೆಳಿಗ್ಗೆ ಚರ್ಚಿನ ಮೈಕು ಹಾಡತೊಡಗಿತು. ಓಣಿಯ ಮನೆಗಳ ಮೇಲೆ ಕಾಗದದ ನಕ್ಷತ್ರ. ಸತ್ಯಮ್ಮ ಪೆಟ್ಟಿಗೆಯ ತಳದಿಂದ ಬಿಳಿ ಅಂಗಿ ತೆಗೆದು, ಗಂಜಿ ಹಾಕಿ ಇಸ್ತ್ರಿ ಮಾಡಿಸಿಟ್ಟಿದ್ದಳು. ಕೂಸು ಝಾನ್ಸಿಯ ಎದೆಯಲ್ಲಿತ್ತು. ಕಿಷ್ಟಪ್ಪ ಅಂಗಿ ತೊಟ್ಟ. ಗುಂಡಿ ಹಾಕಿದ, ತಲೆ ಬಾಚಿದ. ಎಷ್ಟೋ ದಿನದ ಮೇಲೆ ಹಿರಿಯ ಹಿರಿಯನಂತೆ ಕಂಡ.

ಮಹೇಂದರ್ ಮೂರು ಸಲ ಸೀನಿದ. ರಾತ್ರಿಯೆಲ್ಲ ಮೂಗು ಸೋರಿ ಅವನು ಕೂಸಿನಿಂದ ದೂರ ಮಲಗಿದ್ದ. ಸತ್ಯಮ್ಮನ ಕೆಮ್ಮು ಇನ್ನೂ ಹೋಗಿರಲಿಲ್ಲ. ಹೊಲಿಗೆ ಮಾಯುತ್ತ ಬಂದಿದ್ದ ಝಾನ್ಸಿಯೊಬ್ಬಳೇ ಇರುಳೆಲ್ಲ ಹೊತ್ತಿದ್ದಳು, ಅವಳ ಕಣ್ಣು ಕೆಂಡವಾಗಿದ್ದವು.

“ನಾ ಹಿಡಕೋತೀನಿ, ಮಾವ ಹೋಗಿ ಬರಲಿ ಅತ್ತೀ” ಅಂದಳು ಝಾನ್ಸಿ. “ಜನ ಕಾಯತಾರ.”

ಕಿಷ್ಟಪ್ಪ ಚಪ್ಪಲಿ ಮೆಟ್ಟಿದ. ಬಾಗಿಲ ತನಕ ಹೋದ. ತಿರುಗಿ ನೋಡಿದ. ಆಮೇಲೆ ಚಪ್ಪಲಿ ಕಳಚಿ ಬಂದು, ಗುಂಡಿ ಒಂದೊಂದಾಗಿ ಬಿಚ್ಚಿ, ಅಂಗಿಯನ್ನು ಗೂಟಕ್ಕೆ ಹಾಕಿದ.

“ಮಹೇಂದರಾ, ಪಾಸ್ಟರಿಗಿ ಹೇಳು, ಈ ವರ್ಸ ಬ್ಯಾರೆ ಯಾರರ ಸಂದೇಶ ಕೊಡಲಿ. ಸತ್ಯಾ, ಆಕಿಗಿ ಹೇಳು, ಮಲಕೊಳ್ಳಲಿ. ಕೂಸು ಇಲ್ಲಿ ಕೊಡ್ರಿ.”

“ನೀವು ಇಲ್ಲದ ಕ್ರಿಸ್ಮಸ್ಸಾ?” ಅಂದಳು ಸತ್ಯಮ್ಮ.

“ಏ, ಹೋಗ ನೀ. ನನ್ನ ಕ್ರಿಸ್ಮಸ್ಸು ಇಲ್ಲೇ ಐತಿ.”

ಅವರಿಬ್ಬರು ಹೋದರು. ಝಾನ್ಸಿ ಅತ್ತ ಕಡೆಯ ಕೋಣೆಯಲ್ಲಿ ಮಲಗಿದಳು. ಮೈಕಿನಲ್ಲಿ ಯಾವನೋ ಹೊಸ ಹುಡುಗ ಎದ್ದು, ಗಂಟಲು ಸರಿಮಾಡಿಕೊಂಡು, ಕಿಷ್ಟಪ್ಪನ ಸಂದೇಶವನ್ನೇ ಶುರು ಮಾಡಿದ. ಓಣಿಗೆಲ್ಲ ಬಾಯಿಪಾಠವಲ್ಲವೇ. “ಪ್ರವಾದಿಗಳನ್ನ ಕಳಿಸಿದ... ದೂತರನ್ನ ಕಳಿಸಿದ... ಕಡೀಕ ತಾನ ಬಂದ!” ಮೇಜಿನ ಗುದ್ದೂ ಕೇಳಿತು. ಆಮೇಲೆ ಹುಡುಗನಿಗೆ ಮುಂದೇನು ಹೇಳಬೇಕೋ ತಿಳಿಯದೆ ಮೈಕು ಕರ್ ಅಂದಿತು.

ಮುಂದೆ ಕಿಷ್ಟಪ್ಪನೂ ಯಾವತ್ತೂ ಹೇಳಿರಲಿಲ್ಲ. ಅವನ ಸಂದೇಶ ಗುದ್ದಿನಲ್ಲೇ ಮುಗಿಯುತ್ತಿತ್ತು. ಈಗ ಟೋಪಿಯತ್ತ ಬಾಗಿ, ಕೂಸಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದ:

“ಬಂದು ಏನು ಮಾಡಿದ ಗೊತ್ತೇನು? ಸಿಂಹಾಸನ ಕೇಳಲಿಲ್ಲ, ಮೊದಲನೇ ಪಂಕ್ತಿ ಕೇಳಲಿಲ್ಲ. ನಿನ್ನಂಗ ಒಬ್ಬಾಕಿ ಎದಿಗಿ ಅಂಟಿ ಮಲಗಿದ. ತನ್ನ ಕೈಲಿದ್ದದ್ದು ಕೊಡಲಿಲ್ಲವ್ವಾ, ತನ್ನನ್ನ ಕೊಟ್ಟ. ಕೊಟ್ಟು, ನನ್ನನ್ನ ಜ್ವಾಕಿ ಮಾಡ್ರಿ ಅಂತ ನಮ್ಮ ಕೈಯಾಗ ಬಿದ್ದ. ಅಷ್ಟು ನಂಬಿದ ನಮ್ಮನ್ನ. ಇಷ್ಟ ಸಂದೇಶ. ಆಮೆನ್ ಅನ್ನು.”

ಕೂಸು ಆಮೆನ್ ಅನ್ನಲಿಲ್ಲ. ಕಿಷ್ಟಪ್ಪನ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಹೊಸ ಧೋತರಕ್ಕೆ ಬೆಚ್ಚಗೆ ಹರಿಯಿತು. ದವಾಖಾನೆಯಿಂದ ಬಂದಾಗಿನಿಂದ ಇಷ್ಟು ಧಾರಾಳವಾಗಿ ಅದು ಎಂದೂ ಹರಿಸಿರಲಿಲ್ಲ. ಹಾಲು ಮೈಗೆ ಹತ್ತುತ್ತಿದೆ ಎಂಬುದಕ್ಕೆ ನರ್ಸಮ್ಮನ ತಕ್ಕಡಿ ಬೇಕಾಗಿರಲಿಲ್ಲ. ಕಿಷ್ಟಪ್ಪ ಅಲುಗಾಡದೆ ಕೂತು, ಸತ್ಯಮ್ಮನನ್ನು ಕರೆಯಲು ಬಾಯಿ ತೆರೆದ. ಸತ್ಯಮ್ಮ ಚರ್ಚಿನಲ್ಲಿದ್ದಳು. ಮನೆಯಲ್ಲಿ ಮಾತು ದಾಟಿಸುವವರು ಯಾರೂ ಇರಲಿಲ್ಲ.

“ಝಾನ್ಸೀ!” ಅಂತ ಕೂಗಿದ, ಆಚೆ ಮನೆಗೂ ಕೇಳುವ ಹಾಗೆ. “ಏ ಝಾನ್ಸೀ! ಒಂದು ಒಣ ಬಟ್ಟಿ ತಗೊಂಡ ಬಾರವ್ವಾ. ನಿಮ್ಮವ್ವ ಜಮ್ಮುಲಮ್ಮ ನನ್ನ ತೊಯಿಸಿಬಿಟ್ಟಾಳ!”